ಪಾಲಿಕೆಯ ಗಾಲ್ಫ್ ಮೈದಾನಕ್ಕೆ ಹೊಸ ಕ್ಲಬ್‌ಹೌಸ್: ಹಣ ಯಾರದು, ಹಕ್ಕು ಯಾರದು?

ಅಮೆರಿಕದ ಫಿಲಡೆಲ್ಫಿಯಾ ನಗರದ ಕಾಬ್ಸ್ ಕ್ರೀಕ್ ಗಾಲ್ಫ್ ಮೈದಾನದ ಹಳೆಯ ಕ್ಲಬ್‌ಹೌಸ್ 2016ರ ಜನವರಿಯಲ್ಲಿ ಬೆಂಕಿಗೆ ಆಹುತಿಯಾಯಿತು. ಮೈದಾನ ಖಾಸಗಿ ಕ್ಲಬ್ಬಿನದಲ್ಲ, ನಗರಾಡಳಿತದ ಸ್ವತ್ತು. 1916ರಲ್ಲಿ ಆರಂಭವಾದ ಆ ಮೈದಾನಕ್ಕೆ ಅದು ನೂರನೆಯ ವರ್ಷ. ಸುಟ್ಟ ಕಟ್ಟಡದ ಜಾಗದಲ್ಲಿ ಮತ್ತೊಂದನ್ನು ಕಟ್ಟುವುದು ಮೇಲ್ನೋಟಕ್ಕೆ ಒಂದೆರಡು ವರ್ಷದ ಕೆಲಸ. ಆದರೆ ನಗರದ ಬೊಕ್ಕಸದಿಂದ ಅದಕ್ಕೆ ಹಣ ಹೊರಡಲಿಲ್ಲ. ನಾಲ್ಕು ವರ್ಷ ಕ್ಲಬ್‌ಹೌಸ್ ಇಲ್ಲದೆಯೇ ಆಟ ನಡೆಯಿತು. 2020ರಲ್ಲಿ ಮೈದಾನವನ್ನೇ ಮುಚ್ಚಲಾಯಿತು. ಮುಂದೆ ಅಲ್ಲಿ ಆದದ್ದು ಒಂದು ಕಟ್ಟಡದ ಪುನರ್ನಿರ್ಮಾಣವಲ್ಲ. ಸುಮಾರು 350 ಎಕರೆ ಸಾರ್ವಜನಿಕ ಭೂಮಿಯ ಹಸ್ತಾಂತರ.

ಸಾರ್ವಜನಿಕ ಗಾಲ್ಫ್ ಮೈದಾನಗಳಲ್ಲಿ ಶಿಥಿಲ ಕ್ಲಬ್‌ಹೌಸ್‌ಗಳನ್ನು ಬದಲಿಸುವ ಪ್ರಶ್ನೆ ಅಮೆರಿಕದ ಹಲವಾರು ನಗರಗಳನ್ನು ಕಾಡುತ್ತಿದೆ. ಚರ್ಚೆ ಆರಂಭವಾಗುವುದು ನಕ್ಷೆ, ಚಾವಣಿ, ಅಡುಗೆಮನೆಗಳ ಸುತ್ತ. ಮುಗಿಯುವುದು ಮಾತ್ರ, ಹಣ ಹಾಕಿದವನಿಗೆ ಎಷ್ಟು ವರ್ಷದ ಹಕ್ಕು ಕೊಡಬೇಕು ಎಂಬಲ್ಲಿ. ತೆರಿಗೆದಾರನಿಗೆ ಅತಿ ಅಗ್ಗವಾಗಿ ಕಾಣುವ ದಾರಿಯೇ ಎಷ್ಟೋ ಬಾರಿ ಅತಿ ದೀರ್ಘವಾದ ಕರಾರನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತದೆ.

ಎಲ್ಲರ ಮೈದಾನ

ಕರ್ನಾಟಕದ ಓದುಗರಿಗೆ ಗಾಲ್ಫ್ ಎಂದೊಡನೆ ನೆನಪಾಗುವುದು ಸದಸ್ಯತ್ವದ ಕ್ಲಬ್ಬು. 1876ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಲ್ಫ್ ಕ್ಲಬ್ ಇದಕ್ಕೆ ಹಳೆಯ ಉದಾಹರಣೆ. ಸದಸ್ಯರಲ್ಲದವರು ಟಿಕೆಟ್ ಕೊಂಡು ಆಡಬಹುದಾದ ಸರ್ಕಾರಿ ಮೈದಾನ ಭಾರತದಲ್ಲಿ ಅಪರೂಪ. ದೆಹಲಿ ಅಭಿವೃದ್ಧಿ ಪ್ರಾಧಿಕಾರ ನಡೆಸುವ ಕುತುಬ್ ಗಾಲ್ಫ್ ಮೈದಾನ ಅಂತಹ ಕೆಲವೇ ಕೆಲವುಗಳಲ್ಲಿ ಒಂದು.

ಅಮೆರಿಕದಲ್ಲಿ ಪರಿಸ್ಥಿತಿ ಬೇರೆ. ನ್ಯೂಯಾರ್ಕಿನ ವ್ಯಾನ್ ಕೋರ್ಟ್‌ಲ್ಯಾಂಡ್ ಉದ್ಯಾನದಲ್ಲಿ 1895ರಷ್ಟು ಹಿಂದೆಯೇ ಸಾರ್ವಜನಿಕ ಗಾಲ್ಫ್ ಮೈದಾನ ತೆರೆಯಿತು. ಈಜುಕೊಳ, ಗ್ರಂಥಾಲಯ, ಆಟದ ಬಯಲುಗಳಂತೆ ಗಾಲ್ಫ್ ಮೈದಾನವೂ ನಗರ ಒದಗಿಸಬೇಕಾದ ಸೌಕರ್ಯವೆಂಬ ಭಾವನೆ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬೇರೂರಿತು. ದೇಶದ ಸುಮಾರು 16 ಸಾವಿರ ಗಾಲ್ಫ್ ಮೈದಾನಗಳಲ್ಲಿ ಎರಡೂವರೆ ಸಾವಿರದಷ್ಟು ಇಂದಿಗೂ ನಗರ, ಜಿಲ್ಲೆ ಇಲ್ಲವೇ ಉದ್ಯಾನ ಮಂಡಳಿಗಳ ಕೈಯಲ್ಲಿವೆ. ಸಾರ್ವಜನಿಕ ಎಂದ ಮಾತ್ರಕ್ಕೆ ಅವು ಎಲ್ಲರಿಗೂ ತೆರೆದಿದ್ದವು ಎಂದೇನೂ ಅಲ್ಲ. ಕಪ್ಪು ಜನರನ್ನು ಹೊರಗಿಟ್ಟಿದ್ದ ಅಟ್ಲಾಂಟ ನಗರದ ಮೈದಾನಗಳ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1955ರಲ್ಲಿ ಅವರ ಪರ ಇತ್ಯರ್ಥವಾಯಿತು.

ಕಟ್ಟಡ ಏಕೆ ಮುಖ್ಯ?

ಚೆಂಡು ಹೊಡೆಯಲು ಕ್ಲಬ್‌ಹೌಸ್ ಬೇಕಿಲ್ಲ. ಹುಲ್ಲು, ನೀರು, ಮರಳುಗುಂಡಿ ಇದ್ದರೆ ಆಟ ಸಾಗುತ್ತದೆ. ಹೀಗಿರುವಾಗ ಕಟ್ಟಡಕ್ಕೆ ಕೋಟಿಗಟ್ಟಲೆ ಡಾಲರ್ ಏಕೆ ಎಂದು ತೆರಿಗೆದಾರ ಕೇಳುವುದು ಸಹಜ.

ಉತ್ತರ ಇರುವುದು ಲೆಕ್ಕಪುಸ್ತಕದಲ್ಲಿ. ಮೈದಾನದ ಆದಾಯದ ದೊಡ್ಡ ಪಾಲು ಆಟದ ಶುಲ್ಕ ಮತ್ತು ವಿದ್ಯುತ್ ಗಾಡಿಗಳ ಬಾಡಿಗೆಯಿಂದ ಬರುತ್ತದೆ. ಆದರೆ ಶುಲ್ಕವನ್ನು ಮನಸ್ಸಿಗೆ ಬಂದಂತೆ ಏರಿಸಲಾಗದು. ಸ್ಥಳೀಯ ನಿವೃತ್ತರು, ವಿದ್ಯಾರ್ಥಿಗಳು ಆಡಲೆಂದೇ ಅಲ್ಲವೇ ಪಾಲಿಕೆ ಮೈದಾನ ಇಟ್ಟುಕೊಂಡಿರುವುದು? ಉಳಿದ ದಾರಿ ಊಟ, ಪಾನೀಯ, ಮದುವೆ, ಕಂಪನಿಗಳ ಕ್ರೀಡಾಕೂಟ. ನೂರೈವತ್ತು ಜನ ಕುಳಿತು ಉಣ್ಣಬಲ್ಲ ಸಭಾಂಗಣವಿದ್ದರೆ ಆಟಗಾರರಲ್ಲದವರ ಹಣವೂ ಬರುತ್ತದೆ. ಹಿಮ ಬೀಳುವ ಉತ್ತರದ ರಾಜ್ಯಗಳಲ್ಲಿ ಆಟ ನಿಂತ ತಿಂಗಳುಗಳಲ್ಲಿ ಆದಾಯ ತರುವುದು ಆ ಸಭಾಂಗಣವೊಂದೇ.

ಹಳೆಯ ಕ್ಲಬ್‌ಹೌಸ್‌ಗಳು ಈ ಉದ್ದೇಶಕ್ಕೆ ಕಟ್ಟಿದವಲ್ಲ. ಗಂಡಸರ ಬಟ್ಟೆ ಬದಲಿಸುವ ಕೊಠಡಿಗೆ ಬಹುಪಾಲು ಜಾಗ, ಹೆಂಗಸರಿಗೆ ಮೂಲೆಯಲ್ಲೊಂದು ಕೋಣೆ, ನೆಲಮಾಳಿಗೆಯಲ್ಲಿ ಅಡುಗೆಮನೆ, ಬಾಗಿಲಿಗೆ ಏರಲು ಮೆಟ್ಟಿಲುಗಳು: ಇದು ಸಾಮಾನ್ಯ ನಕ್ಷೆ. ಅಂಗವಿಕಲರ ಹಕ್ಕುಗಳ ಕುರಿತ 1990ರ ಕಾಯಿದೆಯ ಪ್ರಕಾರ ಸಾರ್ವಜನಿಕ ಕಟ್ಟಡದಲ್ಲಿ ದೊಡ್ಡ ಮಾರ್ಪಾಡು ಕೈಗೊಂಡರೆ ಗಾಲಿಕುರ್ಚಿಯಲ್ಲಿ ಬರುವವರಿಗೂ ದಾರಿ, ಶೌಚಾಲಯ ಒದಗಿಸಲೇಬೇಕು. ಸೋರುವ ಚಾವಣಿ ಸರಿಪಡಿಸಲು ಹೊರಟ ಎಂಜಿನಿಯರ್ ಲಿಫ್ಟು, ಬೆಂಕಿ ನಂದಿಸುವ ಕೊಳವೆ, ಹೊಸ ವಿದ್ಯುತ್ ತಂತಿ ಎಂದು ಪಟ್ಟಿ ಬೆಳೆಸುತ್ತಾನೆ. ದುರಸ್ತಿಯ ವೆಚ್ಚ ಹೊಸ ಕಟ್ಟಡದ ವೆಚ್ಚಕ್ಕೆ ಸಮೀಪಿಸಿದಾಗ ಕೆಡಹುವ ಮಾತು ಬರುತ್ತದೆ. ಆಗ ಹಳೆಯದನ್ನು ಪಾರಂಪರಿಕ ಕಟ್ಟಡವೆಂದು ಉಳಿಸಿಕೊಳ್ಳಬೇಕೆನ್ನುವವರೂ ಎದ್ದು ನಿಲ್ಲುತ್ತಾರೆ. ಅವರ ವಾದವನ್ನು ಹಗುರವಾಗಿ ಕಾಣುವಂತಿಲ್ಲ.

ಯೋಜನೆ ಹಾಕುವಾಗ ಎದುರಾಗುವ ಇನ್ನೊಂದು ತೊಡಕು ಜಾಗದ್ದು. ಹಳೆಯ ಕಟ್ಟಡ ಇದ್ದಲ್ಲಿಯೇ ಹೊಸದನ್ನು ಕಟ್ಟಿದರೆ ಒಂದೂವರೆ ವರ್ಷವಾದರೂ ಡೇರೆಯಲ್ಲಿ ವ್ಯವಹಾರ ನಡೆಸಬೇಕು, ಊಟ–ಸಮಾರಂಭಗಳ ಆದಾಯ ಕೈಬಿಡಬೇಕು. ಪಕ್ಕದಲ್ಲಿ ಕಟ್ಟಿದರೆ ಹಳೆಯದು ಕೊನೆಯ ದಿನದವರೆಗೂ ದುಡಿಯುತ್ತದೆ. ಆದರೆ ವಾಹನ ನಿಲುಗಡೆಯನ್ನು, ಕೆಲವೊಮ್ಮೆ ಮೊದಲ ಮತ್ತು ಕೊನೆಯ ಹೋಲ್‌ಗಳ ದಿಕ್ಕನ್ನೇ ಬದಲಿಸಬೇಕಾಗುತ್ತದೆ. ನಕ್ಷೆಯಲ್ಲಿ ಅಂಗುಲದಷ್ಟು ಸರಿಸಿದ್ದು ಬಯಲಿನಲ್ಲಿ ಲಕ್ಷಾಂತರ ಡಾಲರ್ ಆಗುವುದು ಇಲ್ಲಿಯೇ.

ಒಂದು ಸಣ್ಣ ಲೆಕ್ಕ

ಬಹಳಷ್ಟು ನಗರಗಳು ಗಾಲ್ಫ್ ವ್ಯವಹಾರವನ್ನು ಪ್ರತ್ಯೇಕ ನಿಧಿಯಾಗಿ ಇಟ್ಟಿವೆ. ನೀರು ಸರಬರಾಜಿನಂತೆ ಇದೂ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕು, ಸಾಮಾನ್ಯ ತೆರಿಗೆ ಹಣ ಮುಟ್ಟಬಾರದು ಎಂಬುದು ತತ್ವ. ಹೊಸ ಕಟ್ಟಡಕ್ಕೆ ಸಾಲ ಎತ್ತಿದರೂ ಕಂತು ಈ ನಿಧಿಯಿಂದಲೇ ಹೋಗಬೇಕು.

ಉದಾಹರಣೆಗೆ, ಕ್ಲಬ್‌ಹೌಸ್‌ಗೆ 80 ಲಕ್ಷ ಡಾಲರ್ ಬೇಕು, ನಗರ ಅದನ್ನು ಶೇ.4ರ ಬಡ್ಡಿಗೆ 20 ವರ್ಷದ ಬಾಂಡ್ ಮೂಲಕ ಎತ್ತುತ್ತದೆ ಎಂದಿಟ್ಟುಕೊಂಡರೆ, ಅಸಲು–ಬಡ್ಡಿ ಸೇರಿ ವರ್ಷದ ಕಂತು ಸುಮಾರು 5.9 ಲಕ್ಷ ಡಾಲರ್. ವರ್ಷಕ್ಕೆ 40 ಸಾವಿರ ಸುತ್ತು ಆಟ ನಡೆಯುವ ಮೈದಾನವಾದರೆ ಪ್ರತಿ ಸುತ್ತಿನ ಮೇಲೆ ಬೀಳುವ ಹೊರೆ 15 ಡಾಲರಿನಷ್ಟು. ಆಟಗಾರರು ಕಡಿಮೆಯಾಗಿ ಸುತ್ತುಗಳ ಸಂಖ್ಯೆ 30 ಸಾವಿರಕ್ಕೆ ಇಳಿದರೆ ಅದೇ ಹೊರೆ ಸುಮಾರು 20 ಡಾಲರ್. ಶುಲ್ಕ ಏರಿಸಿದರೆ ಆಟಗಾರ ಪಕ್ಕದೂರಿಗೆ ಹೋಗುತ್ತಾನೆ. ಏರಿಸದಿದ್ದರೆ ಕಂತು ಕಟ್ಟಲು ಹಣವಿಲ್ಲ. ಕಟ್ಟಡವೇನೋ ಕದಲದೆ ನಿಂತಿರುತ್ತದೆ, ಬ್ಯಾಂಕಿನ ಗಡುವೂ.

ಈ ಸಂಖ್ಯೆ ಇಳಿಯುವುದು ಬರಿಯ ಊಹೆಯಲ್ಲ. 2006ರಿಂದ ಹದಿನೈದು ವರ್ಷಗಳಷ್ಟು ಕಾಲ ಅಮೆರಿಕದಲ್ಲಿ ತೆರೆದ ಮೈದಾನಗಳಿಗಿಂತ ಮುಚ್ಚಿದವುಗಳೇ ಹೆಚ್ಚು. 2020ರ ಕೊರೋನಾ ಕಾಲದಲ್ಲಿ ಬಯಲಿನ ಆಟವೆಂಬ ಕಾರಣಕ್ಕೆ ಗಾಲ್ಫ್‌ಗೆ ಅನಿರೀಕ್ಷಿತವಾಗಿ ಜನ ಮುಗಿಬಿದ್ದರು, ಆ ಉತ್ಸಾಹ ನಂತರವೂ ಉಳಿಯಿತು. ಈಗ ಹಲವು ನಗರಗಳು ಕ್ಲಬ್‌ಹೌಸ್ ಕಡತಗಳನ್ನು ಕಪಾಟಿನಿಂದ ಹೊರತೆಗೆದಿರುವುದಕ್ಕೆ ಇದೇ ಧೈರ್ಯ. ಏರುಗಾಲದ ಅಂಕಿಗಳನ್ನು ಹಿಡಿದು 20–30 ವರ್ಷದ ಸಾಲಕ್ಕೆ ಸಹಿ ಹಾಕುವುದು ಎಷ್ಟು ವಿವೇಕ ಎಂಬುದನ್ನು ಲೆಕ್ಕಪರಿಶೋಧಕರು ಕೇಳಬೇಕಿದೆ.

ಬಾಂಡ್‌ಗಳಲ್ಲಿಯೂ ಎರಡು ಬಗೆ. ಮೈದಾನದ ಆದಾಯವನ್ನಷ್ಟೇ ಆಧಾರವಾಗಿ ಇಡುವ ಬಾಂಡ್‌ಗೆ ಬಡ್ಡಿ ಹೆಚ್ಚು. ನಗರದ ತೆರಿಗೆಯ ಬಲವನ್ನೇ ಆಧಾರವಾಗಿ ಇಡುವ ಬಾಂಡ್‌ಗೆ ಬಡ್ಡಿ ಕಡಿಮೆ, ಆದರೆ ಬಹುತೇಕ ರಾಜ್ಯಗಳಲ್ಲಿ ಅದಕ್ಕೆ ಮತದಾರರ ಒಪ್ಪಿಗೆ ಬೇಕು. ಪಾರ್ಕು, ಗ್ರಂಥಾಲಯ, ಅಗ್ನಿಶಾಮಕ ಠಾಣೆಗಳ ಜೊತೆ ಮತಪತ್ರದಲ್ಲಿ ಗಾಲ್ಫ್ ಕ್ಲಬ್‌ಹೌಸ್ ಹೆಸರು ಕಂಡರೆ ಮತದಾರನ ಕೈ ಎತ್ತ ಹೋಗುತ್ತದೆ ಎಂಬುದು ನಗರಸಭಾ ಸದಸ್ಯರಿಗೆ ಚೆನ್ನಾಗಿ ಗೊತ್ತು.

ಸ್ಯಾನ್ ಫ್ರಾನ್ಸಿಸ್ಕೊ: ಉದ್ಯಾನದ ಹಣ

ಸ್ಯಾನ್ ಫ್ರಾನ್ಸಿಸ್ಕೊದ ಹಾರ್ಡಿಂಗ್ ಪಾರ್ಕ್ 1925ರಲ್ಲಿ ತೆರೆದ ಮೈದಾನ. ಅದೇ ನಗರದಲ್ಲಿ ಎರಡು ವರ್ಷ ಹಿಂದೆ ನಿಧನರಾದ ಅಧ್ಯಕ್ಷ ವಾರನ್ ಹಾರ್ಡಿಂಗ್ ಅವರ ಹೆಸರು ಅದಕ್ಕಿದೆ. 1960ರ ದಶಕದಲ್ಲಿ ವೃತ್ತಿಪರರ ಪಂದ್ಯಾವಳಿ ನಡೆದ ಈ ಮೈದಾನ ಆಮೇಲೆ ಎಷ್ಟು ಹದಗೆಟ್ಟಿತೆಂದರೆ, 1998ರಲ್ಲಿ ನೆರೆಯ ಒಲಿಂಪಿಕ್ ಕ್ಲಬ್ಬಿನಲ್ಲಿ ಯುಎಸ್ ಓಪನ್ ನಡೆದಾಗ ಪ್ರೇಕ್ಷಕರ ಕಾರು ನಿಲ್ಲಿಸಲು ಇದರ ಹುಲ್ಲು ಬಳಕೆಯಾಯಿತು.

ಅಮೆರಿಕ ಗಾಲ್ಫ್ ಸಂಸ್ಥೆಯ ಮಾಜಿ ಅಧ್ಯಕ್ಷ, ವಕೀಲ ಸ್ಯಾಂಡಿ ಟೇಟಮ್ ಅವರ ವರ್ಷಗಟ್ಟಲೆಯ ಓಡಾಟದಿಂದ ಮೈದಾನ ಮರುಜೀವ ಪಡೆಯಿತು. 2000ದಲ್ಲಿ ಕ್ಯಾಲಿಫೋರ್ನಿಯದ ಮತದಾರರು ಒಪ್ಪಿದ್ದ ಉದ್ಯಾನ ಬಾಂಡ್‌ನ ಹಣವೂ ಸೇರಿ ಸುಮಾರು 1.6 ಕೋಟಿ ಡಾಲರ್ ವೆಚ್ಚದಲ್ಲಿ ನವೀಕರಣಗೊಂಡು 2003ರಲ್ಲಿ ತೆರೆಯಿತು. ಹೊಸ ಕ್ಲಬ್‌ಹೌಸ್ ಬಂದದ್ದು ಅದರ ನಂತರ; ಇಂದು ಅದಕ್ಕೆ ಟೇಟಮ್ ಅವರ ಹೆಸರೇ ಇದೆ. 2005ರಲ್ಲಿ ಅಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಪಂದ್ಯಾವಳಿಯಲ್ಲಿ ಟೈಗರ್ ವುಡ್ಸ್ ಗೆದ್ದರು. 2020ರಲ್ಲಿ ಪ್ರೇಕ್ಷಕರಿಲ್ಲದೆ ಪಿಜಿಎ ಚಾಂಪಿಯನ್‌ಷಿಪ್ ನಡೆಯಿತು.

ಇಲ್ಲಿನ ಲೆಕ್ಕಾಚಾರ ಸರಳವಾಗಿತ್ತು. ಹೊರಗಿನವರಿಂದ ಹೆಚ್ಚು ಶುಲ್ಕ, ನಗರವಾಸಿಗಳಿಗೆ ಭಾರಿ ರಿಯಾಯಿತಿ, ಗಾಲ್ಫ್ ನಿಧಿಯಿಂದ ಉದ್ಯಾನಗಳ ಹಣಕ್ಕೆ ಮರುಪಾವತಿ. ಟೀಕಾಕಾರರ ದೂರೂ ಅಷ್ಟೇ ಸರಳ: ಬಡಾವಣೆಯ ಮಕ್ಕಳ ಆಟದ ಬಯಲಿಗೆ ಬರಬೇಕಾದ ಹಣ ಗಾಲ್ಫಿಗೆ ಹೋಯಿತು. ಗಾಲ್ಫ್ ನಿಧಿ ನಿರೀಕ್ಷಿಸಿದಷ್ಟು ದುಡಿಯದ ವರ್ಷಗಳಲ್ಲಿ ಈ ದೂರಿಗೆ ಬಲ ಬಂತು. ಆದರೂ ಒಂದು ಮಾತು ಹೇಳಲೇಬೇಕು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜಗಳ ನಡೆದದ್ದು ನಗರಸಭೆಯ ಸಭಾಂಗಣದಲ್ಲಿ, ನಗರದ್ದೇ ಲೆಕ್ಕಪತ್ರ ಮುಂದಿಟ್ಟುಕೊಂಡು. ಮೈದಾನವೂ ಕ್ಲಬ್‌ಹೌಸೂ ನಗರದ ಕೈಯಲ್ಲೇ ಉಳಿದವು.

ಫಿಲಡೆಲ್ಫಿಯಾ: ದಾನಿಗಳ ಹಣ

ಕಾಬ್ಸ್ ಕ್ರೀಕ್ ಸಾಮಾನ್ಯ ಮೈದಾನವಲ್ಲ. ಮೆರಿಯನ್ ಎಂಬ ವಿಖ್ಯಾತ ಖಾಸಗಿ ಮೈದಾನವನ್ನು ರೂಪಿಸಿದ ಹ್ಯೂ ವಿಲ್ಸನ್ ಇದರ ವಿನ್ಯಾಸಕಾರ. ವರ್ಣಭೇದ ಬಲವಾಗಿದ್ದ ದಿನಗಳಲ್ಲೂ ಕಪ್ಪು ಆಟಗಾರರಿಗೆ ಬಾಗಿಲು ತೆರೆದಿದ್ದ ಹೆಗ್ಗಳಿಕೆ ಅದರದು. ಉತ್ತರ ಕೆರೊಲಿನದಿಂದ ವಲಸೆ ಬಂದ ಚಾರ್ಲಿ ಸಿಫರ್ಡ್ ಇಲ್ಲಿ ಆಡಿ ಪಳಗಿದರು. ಬಿಳಿಯರಿಗೆ ಮಾತ್ರ ಸದಸ್ಯತ್ವ ಎಂಬ ನಿಯಮವನ್ನು ವೃತ್ತಿಪರ ಗಾಲ್ಫರ ಸಂಘ 1961ರಲ್ಲಿ ಕೈಬಿಟ್ಟದ್ದರ ಹಿಂದೆ ಸಿಫರ್ಡರ ಹೋರಾಟವಿತ್ತು. ಆಗ ಅವರಿಗೆ 39 ವರ್ಷ. ಆಟಗಾರನ ಬದುಕಿನ ಉತ್ತಮ ವರ್ಷಗಳು ಕಳೆದುಹೋಗಿದ್ದವು. 2014ರಲ್ಲಿ ಅವರಿಗೆ ಅಧ್ಯಕ್ಷರ ಸ್ವಾತಂತ್ರ್ಯ ಪದಕ ಸಂದಿತು. 2015ರಲ್ಲಿ ನಿಧನರಾದರು. ಮರುವರ್ಷ ಕ್ಲಬ್‌ಹೌಸ್ ಸುಟ್ಟಿತು.

ಆ ಕ್ಲಬ್‌ಹೌಸ್ ಪಶ್ಚಿಮ ಫಿಲಡೆಲ್ಫಿಯಾದ ಕಪ್ಪು ಗಾಲ್ಫರ ಪಾಲಿಗೆ ಕೂಡುಮನೆಯಾಗಿತ್ತು. ಆದರೆ ಬಡತನ, ಶಾಲೆಗಳ ದುಃಸ್ಥಿತಿಗಳ ನಡುವೆ ಸಿಲುಕಿದ್ದ ನಗರಕ್ಕೆ ಅದನ್ನು ಮತ್ತೆ ಕಟ್ಟುವುದು ಆದ್ಯತೆಯಾಗಲಿಲ್ಲ. ಮೈದಾನದ ಕಥೆಯೂ ಅಷ್ಟೇ. ಮೇಲಿಂದ ಮೇಲೆ ಉಕ್ಕುವ ತೊರೆ ದಡ ಕೊರೆದು ಹುಲ್ಲುಹಾಸನ್ನು ತಿನ್ನುತ್ತಿತ್ತು. ಕ್ಲಬ್‌ಹೌಸ್ ಕಟ್ಟಿದರೆ ಸಾಲದು, ತೊರೆಯನ್ನೂ ಸರಿಪಡಿಸಬೇಕು ಎಂಬಲ್ಲಿಗೆ ಬಂದಾಗ ಅಂದಾಜು ವೆಚ್ಚ ನಗರದ ಕೈಮೀರಿತು.

ಆಗ ಮುಂದೆ ಬಂದದ್ದು ಕಾಬ್ಸ್ ಕ್ರೀಕ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆ. ದಾನಿಗಳಿಂದ ಹಣ ಸಂಗ್ರಹಿಸಿ ಮೈದಾನ, ತೊರೆ, ಕಟ್ಟಡಗಳೆಲ್ಲವನ್ನೂ ತಾನೇ ಮಾಡುವುದಾಗಿ ಅದು ಹೇಳಿತು. ಖ್ಯಾತ ವಿನ್ಯಾಸಕಾರ ಗಿಲ್ ಹ್ಯಾನ್ಸ್ ಹಳೆಯ ನಕ್ಷೆಯನ್ನು ಪುನರುಜ್ಜೀವಿಸುವ ಹೊಣೆ ಹೊತ್ತರು. ಪ್ರತಿಯಾಗಿ ಸಂಸ್ಥೆಗೆ ದೊರೆತದ್ದು, ವಿಸ್ತರಣೆಗಳೂ ಸೇರಿ 70 ವರ್ಷದವರೆಗೆ ಸಾಗಬಲ್ಲ ಗುತ್ತಿಗೆ. ಆರಂಭದಲ್ಲಿ 6.5 ಕೋಟಿ ಡಾಲರಿನ ಆಸುಪಾಸಿನಲ್ಲಿದ್ದ ಯೋಜನೆಯ ವೆಚ್ಚ ಮುಂದೆ 15 ಕೋಟಿ ಡಾಲರನ್ನೂ ದಾಟಿತು.

2022ರಲ್ಲಿ ದೊಡ್ಡ ಪ್ರಮಾಣದಲ್ಲಿ ಮರಗಳನ್ನು ಕಡಿದಾಗ ಸುತ್ತಲಿನ ನಿವಾಸಿಗಳು ತಿರುಗಿಬಿದ್ದರು. ನಮ್ಮ ಊರಿನ ಉದ್ಯಾನ, ನಮ್ಮನ್ನು ಕೇಳಿದವರಾರು ಎಂಬುದು ಅವರ ಪ್ರಶ್ನೆ. ಯೋಜನೆಯವರಲ್ಲಿ ಉತ್ತರ ಇಲ್ಲದಿರಲಿಲ್ಲ: ನಿವಾಸಿಗಳಿಗೆ ರಿಯಾಯಿತಿ ಶುಲ್ಕ, ತೊರೆಯ ಪುನಶ್ಚೇತನ, ಮಕ್ಕಳಿಗೆ ಉಚಿತ ಶಿಕ್ಷಣ ಕೇಂದ್ರ. ಇವುಗಳಲ್ಲಿ ಕೊನೆಯದು ಕೈಗೂಡಿತು. ಟೈಗರ್ ವುಡ್ಸ್ ಅವರ ಪ್ರತಿಷ್ಠಾನದ ಜೊತೆಗೂಡಿ ಕಟ್ಟಿದ ಕಲಿಕಾ ಕೇಂದ್ರ 2025ರಲ್ಲಿ ತೆರೆಯಿತು. ಗಾಲ್ಫ್ ಕೋಲು ಮುಟ್ಟದ ಮಕ್ಕಳೂ ಅಲ್ಲಿ ವಿಜ್ಞಾನ, ಗಣಿತ ಕಲಿಯಬಹುದು. ನಗರ ತಾನಾಗಿ ಇದನ್ನು ಕಟ್ಟುತ್ತಿರಲಿಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಗುತ್ತಿಗೆ ಪೂರ್ತಿ ಅವಧಿ ಸಾಗಿದರೆ, ಇಂದು ಆ ಕೇಂದ್ರದಲ್ಲಿ ಕಲಿಯುತ್ತಿರುವ ಮಕ್ಕಳ ಮೊಮ್ಮಕ್ಕಳ ಕಾಲಕ್ಕೆ ಅದು ಮುಗಿಯುತ್ತದೆ. ದಾನಿಗಳನ್ನು ಮತ ಹಾಕಿ ಕೆಳಗಿಳಿಸಲು ಬರುವುದಿಲ್ಲ.

ನ್ಯೂಯಾರ್ಕ್: ಗುತ್ತಿಗೆದಾರನ ಹಣ

ಮೂರನೆಯ ದಾರಿ ಖಾಸಗಿ ನಿರ್ವಾಹಕನದು. ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ಫೆರ್ರಿ ಪಾಯಿಂಟ್ ಹಿಂದೆ ಕಸ ಸುರಿಯುವ ಜಾಗ. ಇಲ್ಲಿ ಹಳೆಯ ಕ್ಲಬ್‌ಹೌಸ್ ಬದಲಿಸುವ ಪ್ರಶ್ನೆಯಿರಲಿಲ್ಲ, ಎಲ್ಲವೂ ಹೊಸದೇ. ಆದರೂ ಕ್ಲಬ್‌ಹೌಸ್ ಹೊಣೆಯನ್ನು ಖಾಸಗಿಯವರಿಗೆ ವಹಿಸಿದಾಗ ಏನಾಗುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗದು.

ಮೊದಲಿಗೆ 1990ರ ದಶಕದ ಕೊನೆಯಲ್ಲಿ ಇಡೀ ಮೈದಾನವನ್ನು ಖಾಸಗಿಯವರೇ ಕಟ್ಟುವರೆಂಬ ಮಾತಿತ್ತು. ಕಸದ ಅಡಿಯಿಂದ ಮೀಥೇನ್ ಅನಿಲ ಹೊರಡುವುದು ಕಂಡು ವೆಚ್ಚ ಏರಿತು, ಆ ಏರ್ಪಾಡು ಮುರಿದುಬಿತ್ತು. ಕೊನೆಗೆ ನಗರವೇ 12 ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿ ಜ್ಯಾಕ್ ನಿಕ್ಲಾಸ್ ವಿನ್ಯಾಸದ ಮೈದಾನ ಸಿದ್ಧಗೊಳಿಸಿತು. 20 ವರ್ಷ ನಡೆಸುವ ಹಕ್ಕು ಡೊನಾಲ್ಡ್ ಟ್ರಂಪ್ ಅವರ ಕಂಪನಿಗೆ ಸಂದಿತು. ಸುಮಾರು 1 ಕೋಟಿ ಡಾಲರಿನ ಕ್ಲಬ್‌ಹೌಸ್ ಕಟ್ಟಿಕೊಡುವುದು ಕಂಪನಿಯ ಹೊಣೆ. ಅದಕ್ಕೆ ಪ್ರತಿಫಲವಾಗಿ ಮೊದಲ ನಾಲ್ಕು ವರ್ಷ ನಗರಕ್ಕೆ ಶುಲ್ಕ ಕೊಡಬೇಕಿರಲಿಲ್ಲ. ಐದನೆಯ ವರ್ಷದಿಂದ ಒಟ್ಟು ವಹಿವಾಟಿನ ಶೇ.7 ಅಥವಾ 3 ಲಕ್ಷ ಡಾಲರ್, ಎರಡರಲ್ಲಿ ಹೆಚ್ಚಿನದು. ಆ ಕನಿಷ್ಠ ಮೊತ್ತದ ಲೆಕ್ಕ ಹಿಡಿದರೆ, ಬಡ್ಡಿಯನ್ನು ಬಿಟ್ಟರೂ ನಗರದ 12 ಕೋಟಿ ಡಾಲರ್ ಮರಳಲು 400 ವರ್ಷ ಬೇಕು!

ಮೈದಾನ 2015ರಲ್ಲಿ ತೆರೆಯಿತು. ಕ್ಲಬ್‌ಹೌಸ್ ತಲೆಯೆತ್ತಿದ್ದು 2018ರಲ್ಲಿ. ಮೂರು ವರ್ಷ ಕಟ್ಟಡವಿಲ್ಲದೆಯೇ ವ್ಯವಹಾರ ಸಾಗಿತು.

2021ರ ಜನವರಿಯಲ್ಲಿ ಅಮೆರಿಕದ ಸಂಸತ್ ಭವನದ ಮೇಲೆ ದಾಳಿ ನಡೆದ ಬಳಿಕ ಅಂದಿನ ಮೇಯರ್ ಬಿಲ್ ಡಿ ಬ್ಲಾಸಿಯೊ ಈ ಗುತ್ತಿಗೆಯನ್ನು ರದ್ದುಪಡಿಸಲು ಮುಂದಾದರು. ದೊಡ್ಡ ಪಂದ್ಯಾವಳಿಗಳನ್ನು ಸೆಳೆಯುವ ಸಾಮರ್ಥ್ಯ ಇನ್ನು ಕಂಪನಿಗಿಲ್ಲ, ಆದ್ದರಿಂದ ಕರಾರು ಮುರಿದಂತಾಯಿತು ಎಂಬುದು ನಗರದ ವಾದ. ನ್ಯಾಯಾಲಯ 2022ರ ಏಪ್ರಿಲ್‌ನಲ್ಲಿ ಅದನ್ನು ಒಪ್ಪಲಿಲ್ಲ. ಕರಾರಿನಲ್ಲಿ ಇದ್ದದ್ದು ಪಂದ್ಯಾವಳಿಗೆ ತಕ್ಕ ಗುಣಮಟ್ಟದ ಮೈದಾನ ಎಂಬ ಮಾತು. ಪಂದ್ಯಾವಳಿ ತಂದೇ ತೀರಬೇಕೆಂದು ಅದರಲ್ಲಿ ಬರೆದಿರಲಿಲ್ಲ. ಹತ್ತು ವರ್ಷ ಹಿಂದೆ ಯಾವುದೋ ಕಚೇರಿಯಲ್ಲಿ ಕುಳಿತು ಬರೆದ ಒಂದು ವಾಕ್ಯದ ಎದುರು ಮಹಾನಗರದ ಮೇಯರ್ ಸೋತರು.

ಮುಂದಿನ ವರ್ಷ ಕಂಪನಿ ತಾನಾಗಿಯೇ ಹೊರನಡೆಯಿತು, ಬರಿಗೈಯಲ್ಲಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಮೈದಾನ ನಡೆಸುವ ಹಕ್ಕನ್ನು ಬ್ಯಾಲೀಸ್ ಎಂಬ ಜೂಜುಕೇಂದ್ರಗಳ ಸಂಸ್ಥೆ 6 ಕೋಟಿ ಡಾಲರಿಗೆ ಪಡೆಯಿತು. ಅಲ್ಲಿ ಜೂಜುಕೇಂದ್ರಕ್ಕೆ ಪರವಾನಗಿ ದೊರೆತರೆ ಟ್ರಂಪ್ ಅವರ ಕಂಪನಿಗೆ ಇನ್ನೂ 11.5 ಕೋಟಿ ಡಾಲರ್ ಕೊಡಬೇಕೆಂಬ ಷರತ್ತೂ ವ್ಯವಹಾರದಲ್ಲಿತ್ತು. 2025ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಜೂಜು ಆಯೋಗ ಬ್ಯಾಲೀಸ್‌ಗೆ ಪರವಾನಗಿ ನೀಡಲು ತೀರ್ಮಾನಿಸಿತು.